ದೊಡ್ಡ ಆವುಲಪ್ಪನ ಆದಾಯ

ಹೊಸೂರಿನ ಹತ್ತಿರದ ಸಾನಮಾವಿನ ಕಾಡಂಚಿನ ಹಳ್ಳಿಯೊಂದರಲ್ಲಿದ್ದ ಆವುಲಪ್ಪನ ಅಂಗಿಯ ತೋಳು ಯಾವಾಗಲೂ ನಾಲ್ಕು ಬೆರಳು ಉದ್ದವಾಗಿರುತ್ತಿತ್ತು. ಇದಕ್ಕಾಗಿ ದರ್ಜಿಯನ್ನು ಬೈದು ಪ್ರಯೋಜನವಿರಲಿಲ್ಲ. ಅಂಗಿ ಅವನದಲ್ಲ, ಅವನ ಅಣ್ಣನದು. ಅಣ್ಣ ಸತ್ತು ಮೂವತ್ತೈದು ವರ್ಷವಾಗಿತ್ತು.

ಅಣ್ಣನ ಹೆಸರೂ ಆವುಲಪ್ಪನೇ. ಮೂರು ವರ್ಷದವನಿದ್ದಾಗ ಮೈಮೇಲೆ ಅಮ್ಮ ಎದ್ದು, ಸಿಡುಬಿನಲ್ಲಿ ಹೋಗಿಬಿಟ್ಟಿದ್ದ. ದೇವರಿಗೆ ಹರಸಿಕೊಂಡ ಹೆಸರು ಖಾಲಿ ಬೀಳಬಾರದೆಂದು ಮರುವರ್ಷ ಹುಟ್ಟಿದ ಮಗುವಿಗೂ ಅದನ್ನೇ ಇಟ್ಟರು. ತಾಯಿ ಮುನಿವೆಂಕಟಮ್ಮ ಮಾತ್ರ ದೊಡ್ಡವನು ಸತ್ತ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಯಾರಾದರೂ ಕೇಳಿದರೆ "ದೊಡ್ಡೋನು ದೂರ ಅವ್ನೆ" ಎನ್ನುತ್ತಿದ್ದಳು. ಊರಿನವರೂ ಅವಳೆದುರು ಆ ಮಾತು ಎತ್ತುತ್ತಿರಲಿಲ್ಲ. ಎತ್ತಿದವರ ಮನೆಗೆ ಅವಳ ಎಮ್ಮೆಯ ಮಜ್ಜಿಗೆ ನಿಲ್ಲುತ್ತಿತ್ತು.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ತೀರಿಹೋದ ಗಂಡ ಶ್ಯಾಮಣ್ಣನಿಗೆ ಒಂದು ಎಲೆ, ದೊಡ್ಡ ಮಗನಿಗೆ ಒಂದು ಎಲೆ, ಜೊತೆಗೆ ಹೊಸ ಬಟ್ಟೆ. ಗಂಡನ ಬಟ್ಟೆಗೆ ಅಳತೆ ಬೇಕಿರಲಿಲ್ಲ, ಸತ್ತವರು ಬೆಳೆಯುವುದಿಲ್ಲ. ಮಗ ಬೆಳೆಯುತ್ತಿದ್ದ. ಐದು ವರ್ಷಕ್ಕೆ ಚಡ್ಡಿ, ಹದಿನೈದಕ್ಕೆ ತುಂಬುದೋಳಿನ ಅಂಗಿ, ಇಪ್ಪತ್ತಕ್ಕೆ ಪಂಚೆ. ಹೊಸೂರಿನ ದರ್ಜಿಯ ಮುಂದೆ ಚಿಕ್ಕವನನ್ನು ನಿಲ್ಲಿಸಿ ಅವಳು ಹೇಳುತ್ತಿದ್ದಳು: "ಇವನಿಗಿಂತ ನಾಕು ಬೆರಳು ಉದ್ದ ಇಕ್ಕಪ್ಪ. ಅವ್ನು ಅವರಪ್ಪನಂಗೆ ಎತ್ತರದೋನು." ಎಡೆ ಎತ್ತಿದ ಮೇಲೆ ಅಂಗಿ ಚಿಕ್ಕವನಿಗೆ ಬರುತ್ತಿತ್ತು. ಹೀಗೆ ನಮ್ಮ ಆವುಲಪ್ಪ ಹುಟ್ಟಿದಾಗಿನಿಂದ ಇನ್ನೊಬ್ಬನ ಹೆಸರಿನಲ್ಲಿ, ಇನ್ನೊಬ್ಬನ ಅಂಗಿಯಲ್ಲಿ, ಯಾವ ತಕರಾರೂ ಇಲ್ಲದೆ ಬದುಕಿಕೊಂಡಿದ್ದ.

ಎಂಬತ್ತನಾಲ್ಕನೇ ಇಸವಿಯ ಆಷಾಢದಲ್ಲಿ ಅವನಿಗೊಂದು ರಿಜಿಸ್ಟರ್ ಕಾಗದ ಬಂತು. ಮೇಲೆ ಸಿಂಹದ ಮುದ್ರೆ, ಕೆಳಗೆ 'ಶ್ರೀ ಆವುಲಪ್ಪ, ತಂದೆ ಶ್ಯಾಮಣ್ಣ' ಎಂದು ಇಂಗ್ಲಿಷಿನಲ್ಲಿ ಟೈಪು. ಜನ್ಮದಲ್ಲಿ ಅವನ ಹೆಸರಿನ ಮೊದಲು ಯಾರೂ 'ಶ್ರೀ' ಹಚ್ಚಿರಲಿಲ್ಲ. ಒಳಗೇನಿದೆ ಎಂದು ನೋಡುವ ಮೊದಲೇ ಪೋಸ್ಟ್‌ಮ್ಯಾನ್ ತೋರಿಸಿದ ಕಡೆ "ನಾನೇ ಸ್ವಾಮಿ, ನಾನೇ" ಎನ್ನುತ್ತಾ ಸಹಿ ಹಾಕಿದ.

ಕಾಗದವನ್ನು ಹಿಡಿದು ಹೊಸೂರಿಗೆ ಹೋದ. ತಾಲ್ಲೂಕು ಕಚೇರಿಯ ಹುಣಸೆಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆಯುವ ಕದಿರಪ್ಪ ಕೂತಿರುತ್ತಿದ್ದ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಳಬಲ್ಲ ಅರ್ಜಿಗಳನ್ನು ಬರೆಯುವವನೆಂದು ಅವನಿಗೆ ಸುತ್ತಮುತ್ತ ಹೆಸರಿತ್ತು. ಕಾಗದ ಓದುತ್ತಾ ಓದುತ್ತಾ ಕದಿರಪ್ಪ ಟೀ ಲೋಟವನ್ನು ಕುಡಿಯದೆ ಕೆಳಗಿಟ್ಟ.

"ಇನ್‌ಕಮ್ ಟ್ಯಾಕ್ಸಿನೋರದು. ಏನಿಲ್ಲ, ಸುಮ್ನೆ ವಿಚಾರ್ಸವ್ರೆ. ಒಲೆಗೆ ಹಾಕ್ಬುಡು."

"ಇನ್‌ಕಮ್ ಟ್ಯಾಕ್ಸಾ? ನಂಗಾ?"

"ಒಲೆಗೆ ಹಾಕ್ಬುಡು ಅಂದೆ ಕಣಯ್ಯ. ದುಡ್ಡೂ ಬ್ಯಾಡ ಹೋಗು."

ಕದಿರಪ್ಪ ದುಡ್ಡು ಬೇಡವೆಂದದ್ದನ್ನು ಹೊಸೂರಿನಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಅನುಮಾನಪಡುತ್ತಿದ್ದರು. ನಮ್ಮ ಆವುಲಪ್ಪನಿಗೆ ಅದು ತನ್ನ ಹೊಸ ಅಂತಸ್ತಿಗೆ ಸಂದ ಮರ್ಯಾದೆಯಾಗಿ ಕಂಡಿತು. ಆದಾಯ ತೆರಿಗೆಯವರು ಪತ್ರ ಬರೆಯುವುದು ಎಂಥವರಿಗೆ? ಮಿಲ್ಲು ಇರುವವರಿಗೆ, ಕಾರು ಇರುವವರಿಗೆ. ಕಾಗದವನ್ನು ಒಲೆಗೆ ಹಾಕುವ ಬದಲು ನಾಲ್ಕಾಗಿ ಮಡಚಿ, ಸಿಂಹ ಹೊರಗೆ ಕಾಣುವಂತೆ ಜೇಬಿನಲ್ಲಿಟ್ಟುಕೊಂಡ.

ಊರಿನ ಟೀ ಅಂಗಡಿಯಲ್ಲಿ ಪಕ್ಕದ ಮನೆಯ ಗೋಪಾಲಪ್ಪ ಎದ್ದು ಬೆಂಚು ಬಿಟ್ಟುಕೊಟ್ಟ. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಆವುಲಪ್ಪ ಎಂಟು ವರ್ಷದಿಂದ ಟೆಂಪರರಿ ಹೆಲ್ಪರು, ಆ ವರ್ಷ ಪರ್ಮನೆಂಟ್ ಆಗುವವರ ಪಟ್ಟಿಯಲ್ಲಿ ಅವನ ಹೆಸರು ಕೊನೆಗೂ ಬಂದಿತ್ತು. ಅಲ್ಲೂ ಕಾಗದ ಕೈಯಿಂದ ಕೈಗೆ ಹೋಯಿತು, ಹೋಗುತ್ತಾ ಹೋಗುತ್ತಾ ಇಂಗ್ಲಿಷ್ ಬರುವ ಪರ್ಸನೆಲ್ ಆಫೀಸರನ ಮೇಜಿಗೂ ಹೋಯಿತು. ಆತ ಆವುಲಪ್ಪನನ್ನು ಕರೆಸಿದ.

"ಕೃಷ್ಣಗಿರಿಯಲ್ಲಿ ಮಾವಿನಹಣ್ಣಿನ ಕಮಿಷನ್ ವ್ಯಾಪಾರ, ವರ್ಷಕ್ಕೆ ಮೂವತ್ತೆಂಟು ಸಾವಿರ ಆದಾಯ. ತೆರಿಗೆ ಜಾಸ್ತಿ ಕಟ್ಟಿದ್ದೀನಿ ವಾಪಸ್ ಕೊಡಿ ಅಂತ ಮೂರು ವರ್ಷ ದುಡ್ಡು ತಗೊಂಡಿದ್ದೀಯ. ಕಟ್ಟಿದ ರಸೀದಿಗಳೆಲ್ಲಾ ಸುಳ್ಳಂತೆ. ಹೆಲ್ಪರ್ ಕೆಲಸ ಯಾಕಯ್ಯಾ ನಿನಗೆ?"

"ಅದು ನಾನಲ್ಲ ಸಾರ್."

"ನೀನೇ ಅಂತ ಊರೆಲ್ಲಾ ಹೇಳ್ಕೊಂಡು ಬಂದಿದ್ದೀಯಲ್ಲ! ನೀನಲ್ಲ ಅಂತ ಅವರ ಕಚೇರಿಯಿಂದ ಕಾಗದ ತಾ. ದೀಪಾವಳಿಯೊಳಗೆ ತರದಿದ್ರೆ ಪರ್ಮನೆಂಟ್ ಇರಲಿ, ಗೇಟೊಳಗೂ ಬರಬೇಡ."

ಆವುಲಪ್ಪ ಕಾಗದವನ್ನು ಸಿಂಹ ಒಳಗೆ ಹೋಗುವಂತೆ ತಿರುಗಿಸಿ ಮಡಚಿಕೊಂಡ. ಎಂಟು ವರ್ಷದ ಸೈಕಲ್ ತುಳಿತ, ಇಬ್ಬರು ಮಕ್ಕಳ ಸ್ಕೂಲು, ಎಲ್ಲಾ ಆ ಮಡಿಕೆಯೊಳಗೆ ಸೇರಿಕೊಂಡವು.

ಕೃಷ್ಣಗಿರಿಯ ತೆರಿಗೆ ಕಚೇರಿಯ ಇನ್‌ಸ್ಪೆಕ್ಟರು ತಮಿಳುನಾಡಿನ ದಕ್ಷಿಣದ ಕಡೆಯವರು. ಮೂರು ವರ್ಷದಲ್ಲಿ ಕಲಿತ ಕನ್ನಡಕ್ಕೆ ತಮಿಳಿನ ಒಗ್ಗರಣೆ ಹಾಕಿ ಮಾತಾಡುತ್ತಿದ್ದರು. ಫೈಲು ಬಿಚ್ಚಿದರು. ತಂದೆ ಶ್ಯಾಮಣ್ಣ, ಸರಿ. ತಾಯಿ ಮುನಿವೆಂಕಟಮ್ಮ, ಸರಿ. ಸ್ವಂತ ಊರು, ಸರಿ. ಫೈಲಿನಲ್ಲಿದ್ದ ಬಾಡಿಗೆ ರೂಮಿನ ವಿಳಾಸಕ್ಕೆ ಕಳಿಸಿದ ಈ ವರ್ಷದ ಮರುಪಾವತಿ ಚೆಕ್ಕು ಅಲ್ಲಿ ಆಳಿಲ್ಲವೆಂದು ವಾಪಸ್ ಬಂದದ್ದರಿಂದ ಸ್ವಂತ ಊರಿಗೆ ಬರೆಯಬೇಕಾಯಿತಂತೆ.

"ಹುಟ್ಟಿದ್ದು ನಲವತ್ತಾರನೇ ಇಸವಿ ಜನವರಿ ಹದಿನೇಳು. ನೀನುದಾನೇ, ನೀನೇ ಅಲ್ವಾ?"

ಆವುಲಪ್ಪ ಹುಟ್ಟಿದ್ದು ಐವತ್ತರಲ್ಲಿ. ಆದರೆ ಆ ತಾರೀಕು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮನೆಯ ಮರದ ಪೆಟ್ಟಿಗೆಯ ಮುಚ್ಚಳದ ಒಳಗಡೆ ಅಪ್ಪ ಶಾನುಭೋಗರಿಂದ ಬರೆಸಿದ್ದ ತಾರೀಕು ಅದು. ಅವನಿಗೆ ತಿಳಿದಂತೆ ಹೊರಗಿನವರು ಯಾರೂ ಅದನ್ನು ಕಂಡಿರಲಿಲ್ಲ. ಹಗಲು ಹನ್ನೊಂದು ಗಂಟೆ, ಮೇಲೆ ಫ್ಯಾನು ತಿರುಗುತ್ತಿತ್ತು, ಅವನ ಕಿವಿಯ ಹಿಂದೆ ಯಾರೋ ಉಸಿರುಬಿಟ್ಟಂತಾಯಿತು.

"ಅದು... ಅದು ನಮ್ಮಣ್ಣ ಸಾರ್."

"ಅಣ್ಣನ್ ಎಂಗೆ? ಎಲ್ಲಿದ್ದಾನೆ?"

"ಸತ್ತೋದ. ಮೂರು ವರ್ಸದೋನಿದ್ದಾಗ."

ಇನ್‌ಸ್ಪೆಕ್ಟರು ಕನ್ನಡಕ ತೆಗೆದರು. "ಮೂರು ವರ್ಷದ ಕೂಸು ಸತ್ತು, ಆಮೇಲೆ ಮಾವಿನ ವ್ಯಾಪಾರ ಮಾಡ್ತಾ? ತೆರಿಗೆ ತಪ್ಪಿಸೋರ ತಮ್ಮಂದಿರೆಲ್ಲಾ ಇದನ್ನೇ ಹೇಳ್ತಾರಪ್ಪ. ಮರಣದ ಸರ್ಟಿಫಿಕೇಟ್ ಇದೆಯಾ?"

ನಲವತ್ತೊಂಬತ್ತರಲ್ಲಿ ಆ ಕಾಡಂಚಿನಲ್ಲಿ ಸತ್ತ ಮಕ್ಕಳಿಗೆ ಸರ್ಟಿಫಿಕೇಟ್ ಬರೆಯುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

"ಇಲ್ವಾ? ಹಾಗಾದ್ರೆ ಅಮ್ಮನನ್ನ ಕರ್ಕೊಂಡು ಬಾ. ಹೆತ್ತೋಳು ಅಂಥಾ ವಿಷಯದಲ್ಲಿ ಸುಳ್ಳು ಹೇಳಲ್ಲ."

ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತು. ದೊಡ್ಡ ಆವುಲಪ್ಪ ಕೃಷ್ಣಗಿರಿಯಲ್ಲಿ ವ್ಯಾಪಾರ ಮಾಡುತ್ತಿದ್ದಾನೆ ಎಂದಮೇಲೆ ಅವನನ್ನು ಕಾಣದೆ ಇರುವುದು ಯಾರಿಗೂ ಮರ್ಯಾದೆಯ ವಿಷಯವಾಗಿ ಉಳಿಯಲಿಲ್ಲ. ಗೋಪಾಲಪ್ಪ ಮೊದಲು ಕಂಡ. "ರಾಯಕೋಟೆ ಬಸ್ಸಲ್ಲಿ ಕಂಡೆ ಕಣ್ಲಾ. ನಿಂದೇ ಮುಖ. ಆದ್ರೆ ಅಂಗಿ ತೋಳು ಸರಿಯಾಗಿ ಮಣಿಕಟ್ಟಿಗೆ ನಿಂತಿತ್ತು. ಅದಕ್ಕೇ ನೀನಲ್ಲ ಅಂತ ಗೊತ್ತಾಯ್ತು." ತಳಿ ಎಂಬ ಊರಿನಿಂದ ಹೂವು ತರುವ ಆದಿಲಕ್ಷ್ಮಮ್ಮ ತನ್ನ ಹತ್ತಿರ ಒಬ್ಬ ಎತ್ತರದವನು ಎರಡು ಮೊಳ ಕನಕಾಂಬರ ಕೊಂಡು, ಚಿಲ್ಲರೆ ತೆಗೆದುಕೊಳ್ಳದೆ ಹೋದನೆಂದಳು. ಅವನ ಪಾದ ನೋಡಿದೆಯಾ ಎಂದು ಯಾರೋ ಕೇಳಿದರು. ನೋಡಲಿಲ್ಲವೆಂದಳು. ನೋಡದೆ ಇದ್ದದ್ದೇ ಎಲ್ಲರಿಗೂ ದೊಡ್ಡ ಸಾಕ್ಷಿಯಾಯಿತು.

ಹೆಂಡತಿ ಗಂಗರತ್ನಮ್ಮ ಧೈರ್ಯದ ಹೆಂಗಸು. ಹಿಂದಿನ ವರ್ಷ ರಾಗಿ ಹೊಲಕ್ಕೆ ಬಂದ ಆನೆಗೆ ತಗಡು ಬಡಿದು ಓಡಿಸಿದವಳು. ಈಗ ಸಂಜೆ ಗಂಡ ಸೈಕಲ್ ನಿಲ್ಲಿಸಿದರೆ ಕದ ಅರ್ಧ ತೆಗೆದು ಕೇಳುತ್ತಿದ್ದಳು.

"ನೀನು ಯಾವ ಆವುಲಪ್ಪ?"

"ನಾನೇ ಕಣೆ."

"ಅಂಗನ್ನೋದು ಅವನಿಗೂ ಬತ್ತದೆ. ಕೈ ಚಾಚು."

ಅವನು ಕೈ ಚಾಚಬೇಕು, ಬೆರಳುಗಳು ತೋಳಿನೊಳಗೇ ಮುಚ್ಚಿಹೋಗಿರಬೇಕು, ಆಗ ಒಳಗೆ ಬಿಡುತ್ತಿದ್ದಳು. ಒಂದು ಬೆಳಿಗ್ಗೆ ಅವನು ಫ್ಯಾಕ್ಟರಿಗೆ ಹೋದರೆ ಹಾಜರಿ ಕಾರ್ಡಿಗೆ ಆಗಲೇ ತೂತು ಬಿದ್ದಿತ್ತು. ಪಕ್ಕದ ಕಾರ್ಡಿನವನು ಕಣ್ಣು ತಪ್ಪಿ ಹೊಡೆದದ್ದೆಂದು ಸಂಜೆ ತಿಳಿಯಿತು. ಆದರೆ ಆ ಹಗಲಿಡೀ ಆವುಲಪ್ಪ, ಒಳಗೆ ಇನ್ನೊಬ್ಬ ಕೆಲಸ ಮಾಡುತ್ತಿರುವಾಗ ತಾನು ಯಾಕೆ ಬಂದೆನೋ ಎನ್ನುವಂತೆ ಗೋಡೆಗೆ ಒರಗಿಕೊಂಡೇ ಇದ್ದ. ಅಣ್ಣ ಬದುಕಿದ್ದಿದ್ದರೆ ತನಗೆ ಈ ಹೆಸರೂ ಸಿಗುತ್ತಿರಲಿಲ್ಲ ಎನ್ನುವುದು ಅವನಿಗೆ ಅಂದೇ ಮೊದಲ ಸಲ ಹೊಳೆದು ಹೆದರಿಕೆಯಾಯಿತು.

ಹೆದರದೆ ಇದ್ದವಳು ಮುನಿವೆಂಕಟಮ್ಮ ಒಬ್ಬಳೇ. ತೆರಿಗೆ ಕಚೇರಿಗೆ ಹೊರಟ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿ, ರೇಷ್ಮೆ ಅಂಚಿನ ಸೀರೆ ಉಟ್ಟಳು. ಹೆಣ್ಣು ನೋಡಲು ಹೊರಟವರ ಸಡಗರ ಅವಳಲ್ಲಿತ್ತು.

"ಅಮ್ಮ, ದೊಡ್ಡ ಮಗ ಎಲ್ಲಿ?" ಎಂದರು ಇನ್‌ಸ್ಪೆಕ್ಟರು.

"ನಿಮ್ಮ ಪುಸ್ತಕದಾಗೆ ಬರ್ದೈತಲ್ಲಪ್ಪ. ವ್ಯಾಪಾರ ಚೆಂದಾಗಿ ನಡೀತೈತಾ?"

"ಬಹಳ ಚೆನ್ನಾಗಿ ನಡೀತಿದೆ."

"ಮದ್ವೆ ಆಗವ್ನಾ?"

ಇನ್‌ಸ್ಪೆಕ್ಟರು ಹಾಳೆ ತಿರುವಿದರು. "ಹಾಗೇನೂ ಬರೆದಿಲ್ಲ."

"ಹೋಗ್ಲಿ ಬುಡು," ಎಂದು ಅವಳು ಸ್ವಲ್ಪ ಬೇಜಾರು ಮಾಡಿಕೊಂಡಳು.

"ನಿಮ್ಮನ್ನ ನೋಡೋಕೆ ಬರ್ತಾನಾ?"

"ಬರ್ದೇ ಇರ್ತಾನಾ? ವರ್ಸ ವರ್ಸ ಮಾಲಯ ಅಮಾಸೆಗೆ ಬತ್ತಾನೆ. ಉಣ್ತಾನೆ. ಅವನಿಗೆ ಅಂಗಿ ಪಂಚೆ ಇಕ್ಕಿರ್ತೀನಿ."

ಆವುಲಪ್ಪ ಬಾಯಿ ತೆರೆದ. ತಾಯಿ ಅವನನ್ನು ಒಂದು ನೋಟ ನೋಡಿದಳು, ಮುಚ್ಚಿದ. ಇನ್‌ಸ್ಪೆಕ್ಟರ ಕಣ್ಣು ಮಿಂಚಿತು. ಎಷ್ಟೇ ಕಳ್ಳನಾದರೂ ಹಿರಿಯ ಮಗ ಅಪ್ಪನ ಎಡೆಗೆ ಮನೆಗೆ ಬಂದೇ ಬರುತ್ತಾನೆ, ಅವರ ಊರಿನಲ್ಲೂ ಹಾಗೆಯೇ. 'ಆರೋಪಿ ವರ್ಷಕ್ಕೊಮ್ಮೆ ಮನೆಗೆ ಬಂದು ಊಟ ಮಾಡುತ್ತಾನೆ. ಬಟ್ಟೆಯನ್ನೂ ಪಡೆಯುತ್ತಾನೆ' ಎಂದು ಫೈಲಿನಲ್ಲಿ ಗಂಭೀರವಾಗಿ ಬರೆದುಕೊಂಡು, ಅಮಾವಾಸ್ಯೆಯ ತಾರೀಕಿಗೆ ಕೆಂಪು ಗೆರೆ ಎಳೆದರು.

ಅಮಾವಾಸ್ಯೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಜೀಪು ಬಂತು. ಇನ್‌ಸ್ಪೆಕ್ಟರು, ಇಬ್ಬರು ಪೊಲೀಸರು, ಅವರ ಹಿಂದೆ ಟೈಪ್‌ರೈಟರನ್ನು ತೊಡೆಯ ಮೇಲಿಟ್ಟುಕೊಂಡ ಕದಿರಪ್ಪ. ಹೇಳಿಕೆಯನ್ನು ಕನ್ನಡದಲ್ಲಿ ಬರೆಯಲು ಆಳು ಬೇಕೆಂದು ಅವನನ್ನು ಹುಣಸೆಮರದ ಕೆಳಗಿನಿಂದ ಎತ್ತಿಕೊಂಡು ಬಂದಿದ್ದರು. ಎಲ್ಲಿಗೆಂದು ದಾರಿಯಲ್ಲಿ ತಿಳಿದಾಗ ಅವನು ಮೂರು ಸಲ ಹೊಟ್ಟೆನೋವು ಎಂದನಂತೆ. ಇನ್‌ಸ್ಪೆಕ್ಟರು ಮೂರು ಸಲವೂ ಸೋಡಾ ಕುಡಿಸಿದರಂತೆ.

ಅಂಗಳದಲ್ಲಿ ಅರ್ಧ ಊರು ಕೂತಿತ್ತು. ಮನೆಯ ಕದ ಮುಚ್ಚಿತ್ತು. ಆ ಕಡೆಯ ಪದ್ಧತಿಯೇ ಹಾಗೆ: ಎಡೆ ಇಟ್ಟು ಸಾಂಬ್ರಾಣಿ ಹಾಕಿದ ಮೇಲೆ ಮನೆಯವರೆಲ್ಲಾ ಹೊರಗೆ ಬಂದು, ಕದ ಮುಂದೆ ಮಾಡಿ, ಒಳಗಿನವರು ಉಣ್ಣುವವರೆಗೆ ಕಾಯಬೇಕು. ಇನ್‌ಸ್ಪೆಕ್ಟರ ಊರಿನಲ್ಲಿ ಕಾಗೆಗೆ ಇಡುತ್ತಾರೆ, ಅವರಿಗೆ ಇದು ಗೊತ್ತಿರಲಿಲ್ಲ.

"ಒಳಗೆ ಯಾರು?" ಪಿಸುಮಾತಿನಲ್ಲಿ ಕೇಳಿದರು.

"ಅವರಪ್ಪ, ದೊಡ್ಡೋನು. ಉಣ್ತಾವ್ರೆ. ಮಾತಾಡ್ಬ್ಯಾಡಿ," ಎಂದಳು ಮುನಿವೆಂಕಟಮ್ಮ.

ಇನ್‌ಸ್ಪೆಕ್ಟರು ಒಬ್ಬ ಪೊಲೀಸನನ್ನು ಹಿತ್ತಿಲಿಗೆ ಕಳಿಸಿದರು. ಅಷ್ಟರಲ್ಲಿ ಒಳಗೆ ಹಿತ್ತಾಳೆ ಲೋಟ ಉರುಳಿದ ಸದ್ದಾಯಿತು.

ಕದಿರಪ್ಪ ಗೋಪಾಲಪ್ಪನ ಕಡೆ ಜರುಗಿದ. "ದೊಡ್ಡೋನು ಯಾವಾಗ ಬಂದ? ದೂರ ಅವ್ನೆ ಅಂತಿದ್ರಲ್ಲ?"

ಗೋಪಾಲಪ್ಪ ಮುದುಕಿಯ ಕಡೆ ಒಮ್ಮೆ ನೋಡಿ, ಕದಿರಪ್ಪನ ಕಿವಿಗೆ ಬಾಯಿ ತಗುಲಿಸಿ ಹೇಳಿದ. "ದೂರ ಅಂದ್ರೆ ಮ್ಯಾಲೆ. ಅಮ್ಮ ಎದ್ದು ಸತ್ತೋಗಿ ಮೂವತ್ತೈದು ವರ್ಸ ಆಯ್ತು."

"ಆಂ?"

"ಈಗ ಕೃಷ್ಣಗಿರೀಲಿ ಎದ್ದವ್ನೆ. ಯಾರೋ ಸೈ ಮಾಡಿ ಮಾಡಿ ಎಬ್ಬಿಸವ್ರೆ. ಆ ಕೈ ಯಾವ್ದು ಅಂತ ಹುಡುಕ್ತಾವ್ನಂತೆ." ಕೊನೆಯ ಎರಡು ಮಾತು ಗೋಪಾಲಪ್ಪನ ಸ್ವಂತ ಸೇರ್ಪಡೆ. ಸುದ್ದಿಯನ್ನು ಬರಿಗೈಯಲ್ಲಿ ದಾಟಿಸುವ ಅಭ್ಯಾಸ ಅವನಿಗಿರಲಿಲ್ಲ.

ಕದಿರಪ್ಪ ತನ್ನ ಬಲಗೈಯನ್ನು ನಿಧಾನವಾಗಿ ಎಡಗಂಕುಳಲ್ಲಿ ಅಡಗಿಸಿಕೊಂಡ.

"ರೈಟರ್!" ಎಂದರು ಇನ್‌ಸ್ಪೆಕ್ಟರು. "ಮೊದಲು ನೀನು ಒಳಗೆ ಹೋಗು. ಈ ಹಾಳೆ ಮೇಲೆ ಅವನ ಸಹಿ ತಗೋ. ಫೈಲಿನ ಸಹಿಗೆ ಹೋಲಿಸಬೇಕು."

"ನಾನಾ? ಸಹಿನಾ? ಅವನ ಹತ್ರನಾ?"

"ಪೋಯ್ಯಾ, ಹೋಗು!"

ಹಿಂದಿನಿಂದ ಪೊಲೀಸನ ಕೈ ಬೆನ್ನಿಗೆ ತಾಗಿತು. ಕದಿರಪ್ಪ ಹಾಳೆ ಹಿಡಿದು ಹೊಸ್ತಿಲವರೆಗೆ ಹೋದ. ಕದ ತಟ್ಟಲು ಕೈ ಎತ್ತಿದ್ದಷ್ಟೇ, ಗಾಳಿಗೋ ಏನೋ, ಕದ ತಾನಾಗಿ ಗೇಣಷ್ಟು ಸರಿಯಿತು. ಒಳಗೆ ಸಾಂಬ್ರಾಣಿ ಹೊಗೆ. ಹೊಗೆಯ ನಡುವೆ, ಎಲೆಯ ಮುಂದೆ, ತೋಳು ಎರಡೂ ಕಡೆ ಚಾಚಿಕೊಂಡು ಒಬ್ಬ ಎತ್ತರದವನು ನಿಂತಿದ್ದ. ಅವನಿಗೆ ತಲೆ ಇರಲಿಲ್ಲ.

ಇಸ್ತ್ರಿ ಕೆಡಬಾರದೆಂದು ಮುನಿವೆಂಕಟಮ್ಮ ಹೊಸ ಅಂಗಿಯ ತೋಳಿಗೆ ಬಿದಿರ ಕಡ್ಡಿ ತೂರಿಸಿ ತೊಲೆಗೆ ತೂಗುಹಾಕುತ್ತಿದ್ದಳು. ಇದು ಊರಿಗೆಲ್ಲಾ ಗೊತ್ತು. ಕದಿರಪ್ಪನಿಗೆ ಯಾರು ಹೇಳಬೇಕು?

"ಆವುಲಪ್ಪಣ್ಣಾ!" ಎಂದು ಅವನು ಹೊಸ್ತಿಲ ಮೇಲೆ ಅಡ್ಡ ಬಿದ್ದ. "ಗೊತ್ತಿರ್ಲಿಲ್ಲ ಕಣಣ್ಣಾ! ಎಲ್ಲೋ ದೂರ ಅವ್ನೆ, ಕೇಳೋಕೆ ಬರಲ್ಲ ಅಂದ್ಕೊಂಡೆ! ಮೂರು ವರ್ಸದ್ದೂ ವಾಪಸ್ ಕೊಟ್ಬುಡ್ತೀನಿ! ನನ್ನ ಕೈ ಬುಟ್ಬುಡು!"

ಅಣ್ಣನಿಗೆ ಹೇಳಿದ್ದನ್ನೆಲ್ಲಾ ಇನ್‌ಸ್ಪೆಕ್ಟರು ಹಿಂದೆ ನಿಂತು ಬರೆದುಕೊಂಡರು. ನಾಲ್ಕು ವರ್ಷದ ಹಿಂದೆ ಮುನಿವೆಂಕಟಮ್ಮ ರೇಷನ್ ಕಾರ್ಡಿಗೆ ಅರ್ಜಿ ಬರೆಸಲು ಅವನ ಹತ್ತಿರ ಹೋಗಿದ್ದಳಂತೆ. ಮಕ್ಕಳ ಹುಟ್ಟಿದ ದಿನ ಕೇಳಿದರೆ ಹೇಳಲು ಬಾರದೆಂದು ಪೆಟ್ಟಿಗೆಯ ಮುಚ್ಚಳವನ್ನೇ ಕಿತ್ತು ತಲೆಯ ಮೇಲೆ ಹೊತ್ತು ಹೋಗಿದ್ದಳಂತೆ. ಎಷ್ಟು ಮಕ್ಕಳೆಂದರೆ ಇಬ್ಬರು, ದೊಡ್ಡೋನು ದೂರ ಅವ್ನೆ, ಕಾರ್ಡಿಗೆ ಬ್ಯಾಡ, ಎಂದಳಂತೆ. ಹೆಸರಿದೆ, ತಾರೀಕಿದೆ, ಕೇಳುವವರಿಲ್ಲ. ಕದಿರಪ್ಪ ಆ ಹೆಸರಿಗೊಂದು ವ್ಯಾಪಾರ ಹಾಕಿಕೊಟ್ಟು, ತೆರಿಗೆ ಕಟ್ಟಿದಂತೆ ರಸೀದಿ ಸೃಷ್ಟಿಸಿ, ವಾಪಸ್ ಬಂದ ದುಡ್ಡು ತಿನ್ನುತ್ತಾ ಬಂದಿದ್ದ.

ಅಂಗಳದಲ್ಲಿ ನಗು ಎದ್ದಿತು. ಒಳಗಿನಿಂದ ಬೆಕ್ಕೊಂದು ವಡೆ ಕಚ್ಚಿಕೊಂಡು ಓಡಿದ ಮೇಲೆ ನಗು ಇನ್ನೂ ಜೋರಾಯಿತು. ಆವುಲಪ್ಪ ಮಾತ್ರ ಇನ್‌ಸ್ಪೆಕ್ಟರ ಮುಂದೆ ಕೈಮುಗಿದು ನಿಂತ. "ಸಾರ್, ನನ್ನ ಕಾಗದ?"

"ಕೊಡ್ತೀನಪ್ಪ. ಆದರೆ ಫೈಲು ಮುಚ್ಚಬೇಕಾದರೆ ಇನ್ನೊಂದು ಮಾತು ಬೇಕು. ಈ ಹೆಸರಿನವನು ಇದ್ದಾನಾ, ಇಲ್ಲವಾ? ಬೇರೆ ದಾಖಲೆ ಇಲ್ಲ. ಅಮ್ಮನೇ ಹೇಳಬೇಕು."

ನಗು ನಿಂತುಹೋಯಿತು. ಎಲ್ಲರೂ ನೆಲ ನೋಡತೊಡಗಿದರು. ಮುನಿವೆಂಕಟಮ್ಮ ಗೇಣಷ್ಟು ತೆರೆದ ಕದದ ಕಡೆಗೇ ನೋಡುತ್ತಾ ಕೂತಿದ್ದಳು. ಮೂರು ತಿಂಗಳಿಂದ ಅವಳ ಮಗ ವ್ಯಾಪಾರ ಮಾಡುತ್ತಿದ್ದ, ಬಸ್ಸು ಹತ್ತುತ್ತಿದ್ದ, ಹೂವು ಕೊಳ್ಳುತ್ತಿದ್ದ. ಸರ್ಕಾರವೇ ಬರೆದುಕೊಟ್ಟಿತ್ತು.

"ಅಮ್ಮಾ, ಹೇಳ್ಬ್ಯಾಡ ಬುಡು," ಎಂದ ಆವುಲಪ್ಪ ತಟಕ್ಕನೆ. "ಫ್ಯಾಕ್ಟ್ರಿ ಹೋದ್ರೆ ಹೋಗ್ಲಿ. ಕೂಲಿ ಮಾಡ್ಕೊತೀನಿ."

ಅವಳು ಎದ್ದು ಅವನ ಹತ್ತಿರ ಬಂದಳು. ಮುಗಿದ ಕೈ ತೋಳಿನೊಳಗೆ ಮುಚ್ಚಿಹೋಗಿತ್ತು. ಒಂದು ಮಡಿಕೆ, ಎರಡು ಮಡಿಕೆ ಹಾಕಿ ತೋಳನ್ನು ಮಣಿಕಟ್ಟಿನವರೆಗೆ ಏರಿಸಿದಳು. ಆಮೇಲೆ ಇನ್ನೊಂದು ಕೈಯದು.

"ಸತ್ತೋದ," ಎಂದಳು. "ಮೂರು ವರ್ಸದೋನು. ಸನಿವಾರ. ನನ್ನ ತೊಡೆ ಮ್ಯಾಲೆ. ಬರ್ಕೊಳಪ್ಪ."

ಕದಿರಪ್ಪ ಬಲಗೈಯನ್ನು ಮತ್ತೆ ಕಂಕುಳಲ್ಲಿ ಅಡಗಿಸಿಕೊಂಡಿದ್ದರಿಂದ ಇನ್‌ಸ್ಪೆಕ್ಟರೇ ತಮಿಳಿನಲ್ಲಿ ಬರೆದುಕೊಂಡರು. ಅವಳು ಹೆಬ್ಬೆಟ್ಟು ಒತ್ತಿದಳು. ಇನ್‌ಸ್ಪೆಕ್ಟರು ಹೊರಡುವ ಮುಂಚೆ ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಕೈಮುಗಿದರು.

ಆವುಲಪ್ಪನಿಗೆ ಕಾಗದ ಸಿಕ್ಕಿತು, ದೀಪಾವಳಿಗೆ ಕೆಲಸ ಪರ್ಮನೆಂಟ್ ಆಯಿತು. ಕದಿರಪ್ಪನ ಮೇಜು ಹುಣಸೆಮರದ ಕೆಳಗೆ ಬಹಳ ದಿನ ಖಾಲಿ ಬಿದ್ದಿತ್ತು.

ಮರುವರ್ಷ ಮಹಾಲಯಕ್ಕೆ ಮುನಿವೆಂಕಟಮ್ಮ ದರ್ಜಿಯ ಹತ್ತಿರ ಒಬ್ಬಳೇ ಹೋಗಿ ಬಂದಳು. ಎಡೆಯ ದಿನ ಆವುಲಪ್ಪ ಸಾಂಬ್ರಾಣಿ ಹಾಕಲು ಒಳಗೆ ಹೋದರೆ ತೊಲೆಯಲ್ಲಿ ಉದ್ದನೆಯ ಅಂಗಿ ಇರಲಿಲ್ಲ. ಎಲೆಯ ಪಕ್ಕದಲ್ಲಿ ಮಣೆಯ ಮೇಲೆ ಒಂದು ಪುಟ್ಟ ಅಂಗಿ ಮಡಚಿಟ್ಟಿತ್ತು, ಮೂರು ವರ್ಷದ ಮಗುವಿನದು. ಅವನಿಗೆ ಅಳು ತಡೆಯಲಾಗಲಿಲ್ಲ. ಕಂಡೇ ಇರದ ಅಣ್ಣನಿಗಾಗಿ ಅತ್ತದ್ದು ಅದೇ ಮೊದಲು. ಹೊರಗೆ ಬಂದು, ಕದ ಮುಂದೆ ಮಾಡಿ, ತಾಯಿಯ ಪಕ್ಕ ಕೂತ. ಒಳಗೆ ಮತ್ತೆ ಲೋಟ ಉರುಳಿದ ಸದ್ದಾಯಿತು. ಬೆಕ್ಕು ಅವನ ಕಾಲ ಬಳಿಯೇ ಮಲಗಿತ್ತು.

"ಮೆಲ್ಲಗೆ ಕುಡಿಯೋ ಕಂದ," ಎಂದಳು ಮುನಿವೆಂಕಟಮ್ಮ.

ಆವುಲಪ್ಪ ತನ್ನ ದುಡ್ಡಿನಲ್ಲಿ, ತನ್ನ ಅಳತೆಗೆ ಹೊಲಿಸಿದ ಮೊದಲ ಅಂಗಿ ತೊಟ್ಟಿದ್ದ. ಅಭ್ಯಾಸಬಲದಿಂದ ತೋಳು ಮಡಚಲು ಹೋದ, ಮಡಚಲು ಅಲ್ಲಿ ಏನೂ ಉಳಿದಿರಲಿಲ್ಲ.